ಅಜ್ಜಿಯ ಪದಕ್ಕೆ ಕಂಪನಿಯ ಬೀಗ

ಹಳೆಯ ಮ್ಯೂಸಿಕ್ ಪ್ಲೇಯರ್‌ಗಳನ್ನು ಹುಡುಕಿ ಕೊಳ್ಳುವವರು ಈಗ ಮತ್ತೆ ಹೆಚ್ಚಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

2006ರಲ್ಲಿ ಮೈಸೂರಿನ ದೇವರಾಜ ಅರಸು ರಸ್ತೆಯಲ್ಲಿ ಕೊಂಡ ಪ್ಲೇಯರ್ ಇದು. 1 ಜಿಬಿ, ಬೆರಳುದ್ದ. ಆಗ ಮಂಡ್ಯದಿಂದ ಮೈಸೂರಿಗೆ ದಿನವೂ ರೈಲಿನಲ್ಲಿ ಓಡಾಡುತ್ತಿದ್ದೆ. ಶ್ರೀರಂಗಪಟ್ಟಣದ ಬಳಿ ಕಾವೇರಿ ಸೇತುವೆಯ ಮೇಲೆ ಬೋಗಿಗಳು ಗಡಗಡಿಸುವಾಗಲೂ ವೀಣೆಯ ಮಂದ್ರ ತಂತಿಯ ನಾದ ಕಿವಿಗೆ ನಿಚ್ಚಳವಾಗಿ ಬೀಳುತ್ತಿತ್ತು. ಎರಡು ಸಲ ಪ್ಲಾಟ್‌ಫಾರಂ ಮೇಲೆ ಬಿದ್ದರೂ ಕೆಡಲಿಲ್ಲ. ಗುಂಡಿಗಳು ಇಂದಿಗೂ ಗಟ್ಟಿಯಾಗಿವೆ. ಸದ್ದಿಗೆ ಐದಕ್ಕೆ ಐದು ಅಂಕ ಕೊಡುತ್ತೇನೆ.

ಕಷ್ಟವೆಲ್ಲ ಕಡತಗಳದ್ದು. ಪೆನ್‌ಡ್ರೈವ್‌ಗೆ ಹಾಕುವಂತೆ ಇದಕ್ಕೆ ಹಾಡು ಹಾಕಲಾಗದು. ಕಂಪನಿಯ ತಂತ್ರಾಂಶ ಪ್ರತಿ ಎಂಪಿ3ಯನ್ನೂ ತನ್ನ ಫಾರ್ಮ್ಯಾಟಿಗೆ ಬದಲಾಯಿಸಿ, ಒಂದು ಗುಪ್ತ ಕೀಲಿ ಸೇರಿಸಿ, ಆಮೇಲಷ್ಟೇ ಒಳಗೆ ಬಿಡುತ್ತಿತ್ತು. ಎಂಪಿ3 ಎಂದರೆ ಗಾತ್ರ ಕುಗ್ಗಿಸಲು ಒಮ್ಮೆ ಹಿಂಡಿದ ಹಾಡು; ಅದನ್ನು ಮತ್ತೊಮ್ಮೆ ಹಿಂಡಿದರೆ ಅದರ ಸತ್ವ ಇನ್ನಷ್ಟು ಸೋರುತ್ತದೆ. ಎಂಪಿ3ಗೂ ಪೇಟೆಂಟ್ ಇತ್ತು, ನಿಜ. ಆದರೆ ಅದು ಪ್ರಕಟಿತ ಮಾನದಂಡ. ಪರವಾನಗಿ ಪಡೆದ ಯಾವ ಕಂಪನಿಯ ಪ್ಲೇಯರ್ ಆದರೂ ಅದನ್ನು ನುಡಿಸುತ್ತಿತ್ತು. 2017ರಲ್ಲಿ ಆ ಪರವಾನಗಿ ವ್ಯವಸ್ಥೆಯೂ ಮುಗಿಯಿತು. 2001ರಲ್ಲಿ ಬಂದ ಫ್ಲ್ಯಾಕ್ ಎಂಬ ಇನ್ನೊಂದು ಧ್ವನಿ ಫಾರ್ಮ್ಯಾಟ್ ಅಂತೂ ಮೊದಲಿನಿಂದಲೇ ಮುಕ್ತ.

ಕೊಂಡ ಹಾಡುಗಳು ಹೋದರೆ ಇನ್ನೊಮ್ಮೆ ಕೊಳ್ಳಬಹುದು. ನನ್ನ ಸಂಕಟ ಬೇರೆ. ಇದರಲ್ಲೊಂದು ಪುಟ್ಟ ಮೈಕ್ ಇದೆ. 2008ರ ಬೇಸಿಗೆಯಲ್ಲಿ ಅಜ್ಜಿಯನ್ನು ಜಗಲಿಯ ಮೇಲೆ ಕೂರಿಸಿ ರಾಗಿ ಬೀಸುವ ಪದಗಳನ್ನು ಹಾಡಿಸಿದ್ದೆ. ಬಳೆಗಳ ಸದ್ದು, ಹಿತ್ತಲ ಕೋಳಿಯ ಕೂಗು ಎಲ್ಲವೂ ಅದರಲ್ಲಿವೆ. ಒಂದು ಪದದ ನಡುವೆ ಹಾಡು ನಿಲ್ಲಿಸಿ, ಈ ಕೆಂಪು ದೀಪ ಏಕೆ ಉರಿಯುತ್ತಿದೆ ಎಂದು ಕೇಳುತ್ತಾಳೆ. ಅಜ್ಜಿ ಈಗಿಲ್ಲ. ಆ ಧ್ವನಿಯನ್ನೂ ಯಂತ್ರ ಕಂಪನಿಯ ಫಾರ್ಮ್ಯಾಟಿನಲ್ಲೇ ಬರೆದಿಟ್ಟಿದೆ. ತಂತ್ರಾಂಶವನ್ನು ಕಂಪನಿ ಎಂದೋ ಕೈಬಿಟ್ಟಿತು, ಅದಿದ್ದ ನನ್ನ ಕಂಪ್ಯೂಟರ್ ಕೆಟ್ಟಿತು. ಹೊಸ ಲ್ಯಾಪ್‌ಟಾಪಿಗೆ ಜೋಡಿಸಿದರೆ ಬರೀ ಅಂಕಿಗಳ ಹೆಸರಿನ ಕಡತಗಳು ಕಾಣುತ್ತವೆ. ನಕಲು ಮಾಡಲು ಬರುತ್ತದೆ, ತೆರೆಯಲು ಬರುವುದಿಲ್ಲ. ನಮ್ಮಜ್ಜಿಯ ಗಂಟಲಿಗೆ ಬೀಗ ಹಾಕುವ ಹಕ್ಕನ್ನು ಇವರಿಗೆ ಕೊಟ್ಟವರು ಯಾರು?

ಉಳಿದ ದಾರಿ ಒಂದೇ. ಇಯರ್‌ಫೋನಿನ ಕಿಂಡಿಯಿಂದ ಲ್ಯಾಪ್‌ಟಾಪಿಗೆ ತಂತಿ ಎಳೆದು, ಇಲ್ಲಿ ನುಡಿಸುತ್ತ ಅಲ್ಲಿ ಮತ್ತೆ ದಾಖಲಿಸುವುದು. ಒಂದು ಗಂಟೆಯ ಹಾಡಿಗೆ ಒಂದು ಗಂಟೆಯೇ ಬೇಕು. ಶಬ್ದದ ಮಟ್ಟ ಸ್ವಲ್ಪ ಏರಿದರೂ ಅಜ್ಜಿಯ ದನಿ ಒಡೆಯುತ್ತದೆ, ಇಳಿಸಿದರೆ ಗೊರಗೊರ ಸದ್ದು ಮೇಲೇಳುತ್ತದೆ. ಒಂದೊಂದು ಪದವನ್ನೂ ಮೂರು ನಾಲ್ಕು ಸಲ ನುಡಿಸಿದ್ದೇನೆ.

ಇಂಥದ್ದನ್ನು ಕೊಳ್ಳುವ ಮುನ್ನ ಅಂಗಡಿಯಲ್ಲೇ ಒಂದು ಎಂಪಿ3 ಹಾಕಿಸಿ ನುಡಿಸಿ ನೋಡಿ. ಮೈಕ್ ಇದ್ದರೆ ನಾಲ್ಕು ಮಾತು ದಾಖಲಿಸಿ, ಆ ಕಡತ ಬೇರೆ ಕಂಪ್ಯೂಟರಿನಲ್ಲಿ ತೆರೆಯುತ್ತದೆಯೇ ನೋಡಿ. ತೆರೆಯದಿದ್ದರೆ ಬೆಲೆ ಎಷ್ಟೇ ಕಡಿಮೆಯಿರಲಿ, ಬಿಟ್ಟು ಬನ್ನಿ.

ನನ್ನ ಪ್ಲೇಯರಿನ ಬ್ಯಾಟರಿ ಈಗ ಇಪ್ಪತ್ತು ನಿಮಿಷವೂ ನಿಲ್ಲುವುದಿಲ್ಲ, ಚಾರ್ಜ್ ಆಗುವಾಗ ಅದು ಹಾಡುವುದೂ ಇಲ್ಲ. ಇನ್ನೂ ಎರಡು ಪದ ಬಾಕಿ ಇವೆ.