ಮಳೆನಾ ಸರ್ವರಾ? ಐಐಎಸ್ ಫೇಲ್ಡ್ ರಿಕ್ವೆಸ್ಟ್ ಟ್ರೇಸಿಂಗ್ ರಿವ್ಯೂ, ಮಡಿಕೇರಿಯಿಂದ

ವಿಂಡೋಸ್ ಸರ್ವರಲ್ಲಿ ಐಐಎಸ್ (ಮೈಕ್ರೋಸಾಫ್ಟಿನ ವೆಬ್ ಸರ್ವರ್) ಮೇಲೆ ವೆಬ್ ಸರ್ವಿಸ್ ಓಡಿಸ್ತಿದ್ರೆ, ಕೆಟ್ಟ ಇಲ್ಲಾ ನಿಧಾನವಾದ ರಿಕ್ವೆಸ್ಟಿನ ಜಾಡು ಹಿಡಿಯೋ ಈ ಫೇಲ್ಡ್ ರಿಕ್ವೆಸ್ಟ್ ಟ್ರೇಸಿಂಗ್ ಟೂಲ್ ನಿಮ್ಮ ಹತ್ರ ಆಗ್ಲೇ ಇದೆ, ಐಐಎಸ್ 7 ಅಂದ್ರೆ ಸರ್ವರ್ 2008 ಕಾಲದಿಂದ್ಲೂ ಇದೆ, ಒಂದ್ರೂಪಾಯಿ ಖರ್ಚಿಲ್ಲ. ಆದ್ರೂ ಸೈಟ್ ಸ್ಲೋ ಆಯ್ತಂದ್ರೆ ನಮ್ಮ ಜನ ಮೊದ್ಲು ಮಾಡೋದು ರೀಸ್ಟಾರ್ಟ್. ರೀಸ್ಟಾರ್ಟ್ ಮಾಡಿದ್ರೆ ಸರಿಹೋಗುತ್ತೆ ನಿಜ, ಯಾಕೆ ಕೆಟ್ಟಿತ್ತು ಅನ್ನೋದು ಮಾತ್ರ ಗೊತ್ತಾಗಲ್ಲ.

ನಾವು ನೋಡ್ಕೊಳ್ಳೋದು ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಕಡೆ ಹೋಂಸ್ಟೇಗಳ ಬುಕಿಂಗ್ ಸರ್ವಿಸ್. ದಸರಾ ರಜೆ ಬಂದ್ರೆ ಕನ್‌ಫರ್ಮ್ ಪೇಜ್ ಸುತ್ತುತ್ತಾ ಕೂತ್ಬಿಡುತ್ತೆ, ಓನರುಗಳು ಫೋನ್ ಮಾಡಿ ಕಾರಣಾನೂ ಅವ್ರೇ ಹೇಳ್ತಾರೆ, ಮಳೆ ಮಾರಾಯ್ರೆ, ಎಲ್ಲೋ ಮರ ಬಿದ್ದಿರ್ಬೇಕು, ನೆಟ್ ಇಲ್ಲ ಅಂತ. ಅದನ್ನ ಸುಳ್ಳು ಅನ್ನೋಕೂ ಆಗಲ್ಲ, ಯಾಕಂದ್ರೆ ಮಾಮೂಲಿ ಐಐಎಸ್ ಲಾಗಲ್ಲಿರೋ ಟೈಮ್ ಟೇಕನ್ (ರಿಕ್ವೆಸ್ಟಿಗೆ ಹಿಡಿದ ಸಮಯ) ಕಾಲಂ ಸಾಮಾನ್ಯವಾಗಿ ನೆಟ್‌ವರ್ಕಲ್ಲಿ ಕಳೆದ ಟೈಮನ್ನೂ ಸೇರಿಸ್ಕೊಂಡಿರುತ್ತೆ, ಭಾಗಮಂಡಲದಲ್ಲಿ ಒಂದೇ ಕಡ್ಡಿ ಸಿಗ್ನಲ್ ಇಟ್ಕೊಂಡು ಪೇಜ್ ತೆಗೆದವರದ್ದೂ ಸರ್ವರೇ ನಿಧಾನ ಅನ್ನೋ ಥರ ಕಾಣುತ್ತೆ. ಆ ಲಾಗಲ್ಲಿ ಟೈಮ್ ಯುಟಿಸಿ ಅನ್ನೋ ಜಾಗತಿಕ ಸಮಯದಲ್ಲಿ ಇರುತ್ತೆ, ನಮ್ಮ ಟೈಮಿಗೆ ಐದೂವರೆ ಗಂಟೆ ಕೂಡಿಸ್ಕೊಳ್ಳೋದು ಬೇರೆ.

ಟ್ರೇಸಿಂಗ್ ಬೆಲೆ ಗೊತ್ತಾಗೋದು ಇಲ್ಲೇ. ಇಂಥ ಪಾತ್ (ಪೇಜಿನ ವಿಳಾಸ), ಇಂಥ ಸ್ಟೇಟಸ್ ಕೋಡ್ (ಸರ್ವರ್ ಉತ್ತರದ ಜೊತೆ ಬರೋ ನಂಬರ್), ಇಲ್ಲಾ ಇಷ್ಟು ಸೆಕೆಂಡಿಗಿಂತ ಜಾಸ್ತಿ ತಗೊಂಡ್ರೆ ಅಂತ ರೂಲ್ ಬರೆದ್ರೆ, ಆ ರೂಲಿಗೆ ಸಿಕ್ಕಿದ ಪ್ರತಿ ರಿಕ್ವೆಸ್ಟಿಗೂ ಒಂದೊಂದು ಎಕ್ಸ್‌ಎಂಎಲ್ ಫೈಲ್ ಬಂದು ಬೀಳುತ್ತೆ. ವರ್ಕರ್ ಪ್ರೋಸೆಸ್ (ಸೈಟಿನ ಕೆಲಸ ನಡೆಸೋ ಪ್ರೋಗ್ರಾಂ) ಒಳಗೆ ಆ ರಿಕ್ವೆಸ್ಟ್ ಯಾವ ಮಾಡ್ಯೂಲಿಗೆ (ಒಂದೊಂದು ಕೆಲಸ ಮಾಡೋ ಭಾಗ) ಯಾವಾಗ ಹೋಯ್ತು, ಯಾವಾಗ ಹೊರಗೆ ಬಂತು, ಎಲ್ಲಾ ಟೈಮ್ ಸಮೇತ. ನಮ್ಮದ್ರಲ್ಲಿ ಅಥೆಂಟಿಕೇಶನ್ ಎಲ್ಲ ಕಣ್ಮುಚ್ಚಿ ಬಿಡೋದ್ರೊಳಗೆ ಮುಗಿದಿತ್ತು, ಹ್ಯಾಂಡ್ಲರ್ (ನಮ್ಮ ಕೋಡ್ ಓಡೋ ಭಾಗ) ಒಳಗೆ ಹೋದ್ಮೇಲೆ ಮಾತ್ರ ದೊಡ್ಡ ಗ್ಯಾಪ್. ಕೋಡಲ್ಲಿ ಐಐಎಸ್ ಟ್ರೇಸ್ ಲಿಸನರ್ (ಕೋಡಿನ ಟ್ರೇಸನ್ನ ಐಐಎಸ್ಸಿಗೆ ತಲುಪಿಸೋದು) ಹಾಕಿ ನಾಲ್ಕೈದು ಸಾಲು ನಮ್ಮದೇ ಟ್ರೇಸ್ ಬರೆದ್ವಿ, ಅದೂ ಇದೇ ಫೈಲಲ್ಲಿ ಬಂದು ಸೇರ್ಕೊಳ್ಳುತ್ತೆ, ನೋಡಿದ್ರೆ ಕನ್‌ಫರ್ಮೇಶನ್ ಎಸ್ಸೆಮ್ಮೆಸ್ ಕಳಿಸೋ ಹೊರಗಿನ ಸರ್ವಿಸಿಂದ ಉತ್ತರ ಬರೋವರೆಗೂ ಬುಕಿಂಗ್ ಕಾಯ್ತಾ ಇತ್ತು. ಎಸ್ಸೆಮ್ಮೆಸ್ಸನ್ನ ಕ್ಯೂಗೆ ಹಾಕಿದ್ವಿ, ಅಂದ್ರೆ ಬುಕಿಂಗ್ ಕಾಯದೇ ಅದು ಆಮೇಲೆ ಹೋಗೋ ಥರ ಮಾಡಿದ್ವಿ, ಪೇಜ್ ಓಡ್ತು. ಮಳೆ ಪಾಡಿಗೆ ಮಳೆ ಸುರೀತಾನೇ ಇತ್ತು.

ಸೆಟಪ್ ಮಾತ್ರ ಸ್ವಲ್ಪ ತಲೆನೋವು. ಟ್ರೇಸಿಂಗ್ ಅನ್ನೋ ರೋಲ್ ಸರ್ವಿಸ್ (ವಿಂಡೋಸ್ ಸರ್ವರ್ ಜೊತೆಗೇ ಬರೋ, ಬೇಕಾದ್ರೆ ಹಾಕ್ಕೊಳ್ಳೋ ಭಾಗ) ಬೇರೆಯಾಗಿ ಇನ್‌ಸ್ಟಾಲ್ ಆಗಿರ್ಬೇಕು, ಸೈಟಲ್ಲಿ ಆನ್ ಮಾಡ್ಬೇಕು, ರೂಲನ್ನೂ ಬರೀಬೇಕು, ಆ್ಯಪ್ ಪೂಲ್ ಐಡೆಂಟಿಟಿಗೆ (ವರ್ಕರ್ ಪ್ರೋಸೆಸ್ ಓಡೋ ಅಕೌಂಟಿಗೆ) ಲಾಗ್ ಫೋಲ್ಡರಲ್ಲಿ ಬರೆಯೋ ಪರ್ಮಿಷನ್ ಇರ್ಬೇಕು, ಯಾವ್ದಾದ್ರೂ ಒಂದು ಬಿಟ್ಟೋದ್ರೆ ಫೋಲ್ಡರ್ ಖಾಲಿ. ಡೀಫಾಲ್ಟ್ 50 ಫೈಲ್ ಅಷ್ಟೇ, ಆಮೇಲೆ ಹಳೇದು ಅಳಿಸಿ ಹೋಗುತ್ತೆ, ಹಾಗಾಗಿ ಸ್ಟೇಟಸ್ ಕೋಡ್ 200ರಿಂದ 999 ಅಂತ ಅಗಲವಾಗಿ ರೂಲ್ ಹಾಕಿದ್ರೆ ಬೇಕಾದ್ದು ಸಿಗೋದೇ ಇಲ್ಲ. ಫೈಲ್ ತೆಗೆಯೋದು ಇನ್ನೊಂದು ಗೋಳು, ಈಗಿನ ಬ್ರೌಸರ್ ಡಿಸ್ಕಿಂದ ನೇರ ತೆಗೆದ್ರೆ ಸ್ಟೈಲ್‌ಶೀಟನ್ನ ಬ್ಲಾಕ್ ಮಾಡುತ್ತೆ, ಫೈಲ್ ಓದೋ ಹಾಗೆ ಕಾಣಲ್ಲ. ಇದಕ್ಕೇ ಒಂದು ಸ್ಟಾರ್ ಕಟ್, ಐದಕ್ಕೆ ನಾಲ್ಕು.

ಎಎಸ್‌ಪಿ ಡಾಟ್ ನೆಟ್ ಕೋರ್ (ಮೈಕ್ರೋಸಾಫ್ಟಿನ ವೆಬ್ ಫ್ರೇಮ್‌ವರ್ಕ್) ಆ್ಯಪನ್ನ ಬೇರೆ ಪ್ರೋಸೆಸಲ್ಲಿ ಓಡಿಸೋರಿಗೆ ಇದ್ರಿಂದ ಅಷ್ಟೇನೂ ಉಪಯೋಗ ಇಲ್ಲ, ಆ ಪ್ರೋಸೆಸ್ ಒಳಗೆ ಏನಾಗ್ತಿದೆ ಅಂತ ಐಐಎಸ್‌ಗೇ ಕಾಣಲ್ಲ. ಆ್ಯಪ್ ಪೂಲೇ ನಿಂತೋಗಿ 503 (ಸರ್ವಿಸ್ ಸಿಗ್ತಿಲ್ಲ ಅನ್ನೋ ಎರರ್) ಬರ್ತಿದ್ರೂ ಇಲ್ಲಿ ಹುಡುಕ್ಬೇಡಿ, ರಿಕ್ವೆಸ್ಟ್ ವರ್ಕರ್ ಪ್ರೋಸೆಸ್ ತನಕ ಬಂದೇ ಇರಲ್ಲ, ಅದನ್ನ ಎಚ್‌ಟಿಟಿಪಿ ಎರರ್ ಲಾಗಲ್ಲಿ ನೋಡಿ. ಮತ್ತೆ ಟ್ರೇಸ್ ಫೈಲನ್ನ ವಾಟ್ಸಾಪ್ ಗ್ರೂಪಿಗೆ ಹಾಕೋಕ್ಮುಂಚೆ ಒಂದ್ಸಲ ಓದಿ ನೋಡಿ, ಗಿರಾಕಿಗಳ ಕುಕೀ, ಹೆಡರ್ ಎಲ್ಲ ಅದ್ರೊಳಗೆ ಇರುತ್ತೆ.