ಉಸಿರಾಟದ ಉಪಕರಣಕ್ಕೆ ಉಕ್ಕಿನ ಸಿಲಿಂಡರೋ, ಕಾರ್ಬನ್ ನಾರಿನದೋ?

ಪೀಣ್ಯದ ಕಾರ್ಖಾನೆಯೊಂದರ ಸುರಕ್ಷತಾ ವಿಭಾಗಕ್ಕೆ ಉಸಿರಾಟದ ಉಪಕರಣದ (ಹೊಗೆ, ವಿಷಾನಿಲಗಳ ನಡುವೆ ಉಸಿರಾಡಲು ಗಾಳಿಯ ಸಿಲಿಂಡರನ್ನು ಬೆನ್ನಿಗೆ ಕಟ್ಟಿಕೊಂಡು ಮಾಸ್ಕ್ ಹಾಕುವ ಸಾಧನ) ಹೊಸ ಸೆಟ್‌ಗಳನ್ನು ಕೊಳ್ಳಬೇಕಾಗಿದೆ, ಯಾವುದನ್ನು ಆರಿಸಬೇಕು ಎಂದು ಕೇಳಿದ್ದೀರಿ.

ಮೊದಲು ಗಾಳಿಯ ಲೆಕ್ಕ. 6 ಲೀಟರಿನ ಉಕ್ಕಿನ ಸಿಲಿಂಡರನ್ನು 200 ಬಾರ್‌ಗೆ (ಬಾರ್ ಎಂದರೆ ಒತ್ತಡದ ಅಳತೆ) ತುಂಬಿದರೆ ಸುಮಾರು 1200 ಲೀಟರ್ ಗಾಳಿ ಸಿಗುತ್ತದೆ. ನಿಮಿಷಕ್ಕೆ 40 ಲೀಟರಿನಂತೆ ಉಸಿರಾಡಿದರೆ ಅದು 30 ನಿಮಿಷ. 6.8 ಲೀಟರಿನ ಕಾರ್ಬನ್ ಸಿಲಿಂಡರ್ 300 ಬಾರ್‌ನಲ್ಲಿ ಸುಮಾರು 45 ನಿಮಿಷ ಬರುತ್ತದೆ. ಆದರೆ ನಿಮಗೆ ಗಾಳಿ ತುಂಬಿಕೊಡುವವರ ಕಂಪ್ರೆಸರ್ 200 ಬಾರ್‌ಗೇ ನಿಲ್ಲುವುದಾದರೆ ಈ ಲಾಭ ಬಹುಪಾಲು ಇಲ್ಲವಾಗುತ್ತದೆ. ಖರೀದಿಗೆ ಮುನ್ನ ಇದನ್ನು ಖಂಡಿತ ವಿಚಾರಿಸಿ. ಗಾಬರಿಯಲ್ಲಿ ಮೆಟ್ಟಿಲು ಹತ್ತುವವನು ಈ ಲೆಕ್ಕಕ್ಕಿಂತ ಬೇಗ ಗಾಳಿ ಮುಗಿಸುತ್ತಾನೆ ಎಂಬುದೂ ನೆನಪಿರಲಿ. ಒತ್ತಡ ಸುಮಾರು 55 ಬಾರ್‌ಗೆ ಇಳಿದಾಗ ಉಪಕರಣದ ಎಚ್ಚರಿಕೆಯ ಸೀಟಿ ಕೂಗುತ್ತದೆ, ಆದರೆ ಅದನ್ನು ಕಾಯದೆ ಗೇಜು ನೋಡುತ್ತಾ ಮೊದಲೇ ಹೊರಟುಬಿಡಬೇಕು.

ತೂಕದಲ್ಲಿ ಕಾರ್ಬನ್ನಿನ ಖಾಲಿ ಸಿಲಿಂಡರ್ ಉಕ್ಕಿನದರ ಸುಮಾರು ಅರ್ಧ. ಬಹುಮಹಡಿ ಕಟ್ಟಡ ಹತ್ತುವ ತಂಡಕ್ಕೆ ಅದೇ ಸರಿ.

ಬೆಲೆ, ಬಾಳಿಕೆಗಳಲ್ಲಿ ಉಕ್ಕು ಮೇಲು. ಕಾರ್ಬನ್ನಿನದಕ್ಕೆ ಸಾಮಾನ್ಯವಾಗಿ 15 ವರ್ಷದ ಆಯುಷ್ಯ. ಉಕ್ಕಿನದು ಹೈಡ್ರೋ ಟೆಸ್ಟ್ (ನೀರು ತುಂಬಿ ಒತ್ತಡ ಕೊಟ್ಟು ಮಾಡುವ ಪರೀಕ್ಷೆ) ಪಾಸಾಗುತ್ತಿರುವವರೆಗೂ ನಡೆಯುತ್ತದೆ, ಒಳಗೆ ತೇವ ಸೇರಿ ತುಕ್ಕು ಹಿಡಿಯಬಾರದಷ್ಟೆ. ಕಾರ್ಬನ್ನಿನ ಮೇಲ್ಮೈಯನ್ನು ಬೆರಳಿನಿಂದ ಸವರಿ ನೋಡಿ: ಉಗುರು ಸಿಕ್ಕಿಕೊಳ್ಳುವಷ್ಟು ಗೀರಿದ್ದರೆ, ನಾರು ಎದ್ದಿದ್ದರೆ, ಪರಿಣತರು ಪರೀಕ್ಷಿಸುವ ತನಕ ಬಳಸಬೇಡಿ.

ಅಮೋನಿಯ ಸೋರಿಕೆಗೆಂದು ನೆಲಮಹಡಿಯಲ್ಲೇ ಇಡುವುದಾದರೆ, ಬಳಕೆಯೂ ಅಪರೂಪವಾದರೆ, ನಾನು ಉಕ್ಕನ್ನೇ ಕೊಂಡು ಉಳಿದ ಹಣವನ್ನು ಹೆಚ್ಚುವರಿ ಮಾಸ್ಕ್‌ಗಳಿಗೂ ತರಬೇತಿಗೂ ಹಾಕುತ್ತೇನೆ. ಗಡ್ಡ ಬಿಟ್ಟ ಮುಖಕ್ಕೆ ಮಾಸ್ಕ್ ಬಿಗಿಯಾಗಿ ಕೂರದು. ಅಲ್ಲಿ ಎರಡು ಸಿಲಿಂಡರುಗಳೂ ಒಂದೇ.