ಹಾಫ್ ಸಿಕ್ಸ್ ಅಂದರೆ ಐದೂವರೆ ಅಲ್ಲ!

ಇಂಗ್ಲೆಂಡಿನ ಲೀಡ್ಸ್‌ಗೆ ಕೆಲಸಕ್ಕೆ ಬಂದ ಮೊದಲ ವಾರವೇ ಎಡವಟ್ಟು. ವಾರ್ಡಿನ ಹಿರಿಯ ನರ್ಸ್ "ಹಾಫ್ ಸಿಕ್ಸ್‌ಗೆ ಬಾ" ಅಂದರು. ನಾನು ಬೆಳಿಗ್ಗೆ ಐದೂವರೆಗೇ ಹೋಗಿ, ಚಳಿಯಲ್ಲಿ ಒಂದು ಗಂಟೆ ಸುಮ್ನೆ ಕೂತೆ. ಆಮೇಲೆ ಸೇರಿದ್ದು ಈ ಆನ್‌ಲೈನ್ ಇಂಗ್ಲಿಷ್ ಕ್ಲಾಸಿಗೆ.

ಟೀಚರ್ ಅಪ್ಪಟ ಚಿನ್ನ. ಹಾಫ್ ಪಾಸ್ಟ್ ಸಿಕ್ಸ್‌ನಲ್ಲಿ ಬ್ರಿಟಿಷರು ನಡುವಿನ 'ಪಾಸ್ಟ್' ನುಂಗಿಬಿಡುತ್ತಾರಂತೆ. ಅಂದರೆ ನಮ್ಮ ಆರೂವರೆಯೇ, ಅಲ್ವಾ? ಜರ್ಮನರ 'ಹಾಲ್ಬ್ ಜೆಕ್ಸ್' ಮಾತ್ರ ಐದೂವರೆ. ನನ್ನ ಜೊತೆ ಕಲಿಯುತ್ತಿದ್ದ ಜರ್ಮನ್ ಹುಡುಗಿಯೂ ಹೀಗೇ ಮೋಸ ಹೋಗಿದ್ದಳು!

ನಾನು 'ಪ್ರಿಪೋನ್' (ಅಂದುಕೊಂಡದ್ದಕ್ಕಿಂತ ಮೊದಲೇ ಇಟ್ಟುಕೊಳ್ಳೋದು) ಅಂದಾಗ ಟೀಚರ್ ನಕ್ಕರು. ಅದು ನಮ್ಮ ಇಂಡಿಯಾದ ಮಾತು, ಇಲ್ಲಿ 'ಬ್ರಿಂಗ್ ಫಾರ್ವರ್ಡ್' ಅನ್ನಬೇಕು. (ನನಗೆ ಪ್ರಿಪೋನೇ ಚೆಂದ.) 'ಫೋರ್ಟ್‌ನೈಟ್' ಅಂದರೆ 14 ದಿನ. 'ನೆಕ್ಸ್ಟ್ ಫ್ರೈಡೇ' ಯಾವ ಶುಕ್ರವಾರ ಅನ್ನೋದರಲ್ಲಿ ಇಂಗ್ಲಿಷರಲ್ಲೇ ಒಮ್ಮತ ಇಲ್ಲ, ತಾರೀಖೇ ಕೇಳಿಬಿಡಿ ಅಂದರು.

ಒಂದು ಸ್ಟಾರ್ ಕಡಿಮೆ ಕೊಟ್ಟಿದ್ದೇನೆ. 'ಆನ್ ಟೈಮ್' ಪಾಠ ಶುರುವಾಗಿದ್ದೇ ಹನ್ನೆರಡು ನಿಮಿಷ ತಡವಾಗಿ. 'ಶಾರ್ಟ್ಲಿ' (ಬೇಗನೇ) ಕಳಿಸುತ್ತೇವೆ ಅಂದ ರೆಕಾರ್ಡಿಂಗ್ ಬರಲು ಸರಿಯಾಗಿ ಒಂದು ಫೋರ್ಟ್‌ನೈಟ್ ಹಿಡಿಯಿತು.